ಮುಳ್ಳು ಎಣಿಸುವ ಮೊದಲು ಕಿಂಡಿ ಹುಡುಕಿ: ಸ್ಪಿನಿಫೆರೈಟಿಸ್ ರಾಮೋಸಸ್ ಸಿಸ್ಟ್ ಗುರುತಿಸುವ ಕ್ರಮ

ಸೂಕ್ಷ್ಮದರ್ಶಕದಡಿ ಮೈತುಂಬ ಮುಳ್ಳಿರುವ ಗುಂಡಗಿನ ವಸ್ತುವೊಂದು ಕಂಡಿತೆನ್ನಿ. ಹೊಸಬರು ತಕ್ಷಣ ಮಾಡುವ ಕೆಲಸ ಒಂದೇ: ಚಿತ್ರಪಟಗಳನ್ನು ತಿರುವಿ, ಹೋಲುವ ಚಿತ್ರ ಸಿಕ್ಕೊಡನೆ ಅದರ ಕೆಳಗಿನ ಹೆಸರನ್ನು ನೋಟ್‌ಬುಕ್ಕಿಗೆ ಇಳಿಸುವುದು. ಹೀಗೆ ಬರೆದ ಹೆಸರು ಗೈಡ್ ಎದುರು ನಿಲ್ಲುವುದು ಕಷ್ಟ. ಮುಳ್ಳು ಯಾರ ಸ್ವತ್ತೂ ಅಲ್ಲ. ದಾಸವಾಳದ ಪರಾಗಕ್ಕೆ ಮುಳ್ಳಿದೆ, ಕಡಲತೀರದ ಅಡುಂಬು ಬಳ್ಳಿಯ ಪರಾಗಕ್ಕೂ ಇದೆ, ನೀರಿನ ಪುಟ್ಟ ಕಠಿಣಚರ್ಮಿಗಳಾದ ಕೋಪಿಪಾಡ್‌ಗಳ ಕೆಲವು ಮೊಟ್ಟೆಗಳಿಗೂ ಇದೆ. ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳ ಸಿಸ್ಟ್‌ಗಳಲ್ಲೇ, ಅಂದರೆ ಅವು ತಳದಲ್ಲಿ ಮಲಗುವಾಗ ಕಟ್ಟಿಕೊಳ್ಳುವ ಗಟ್ಟಿ ಗೂಡುಗಳಲ್ಲೇ, ಒಂದಕ್ಕೊಂದು ದೂರದ ಸಂಬಂಧವಿರುವ ಎಷ್ಟೋ ಕುಲಗಳು ಮುಳ್ಳು ಬೆಳೆಸಿಕೊಂಡಿವೆ. ಆದ್ದರಿಂದ ನೋಡುವುದಕ್ಕೊಂದು ಕ್ರಮ ಬೇಕು. ಮುಳ್ಳಿನ ಪಾಳಿ ಆ ಕ್ರಮದಲ್ಲಿ ಸಾಕಷ್ಟು ಹಿಂದೆ ಬರುತ್ತದೆ.

ಈ ಬರಹಕ್ಕೆ ಒಂದೇ ಪ್ರಭೇದವನ್ನು ಆರಿಸಿಕೊಂಡಿದ್ದೇನೆ: ಸ್ಪಿನಿಫೆರೈಟಿಸ್ ರಾಮೋಸಸ್. ಇದರ ಪಳೆಯುಳಿಕೆ ದಾಖಲೆ ಆರಂಭಿಕ ಕ್ರಿಟೇಶಿಯಸ್ ಕಾಲದಿಂದ ಇಂದಿನವರೆಗೂ ಇದೆ. ಹಾಗಾಗಿ ತಮಿಳುನಾಡಿನ ಅರಿಯಲೂರಿನ ಕಲ್ಲಿನಲ್ಲಿ ಹುಡುಕುವವರಿಗೂ ನೇತ್ರಾವತಿ ಅಳಿವೆಯ ಕೆಸರಿನಲ್ಲಿ ಹುಡುಕುವವರಿಗೂ ಕ್ರಮ ಒಂದೇ. ಕುಲದ ಎಲ್ಲ ಮುಖ್ಯ ಲಕ್ಷಣಗಳೂ ಇದರ ಮೇಲೆ ಎದ್ದು ಕಾಣುತ್ತವೆ. ಕೊಣಾಜೆಯ ಸಾಗರ ಭೂವಿಜ್ಞಾನ ವಿಭಾಗದವರಿಗೆ, ಎಕ್ಕೂರಿನ ಮೀನುಗಾರಿಕಾ ಕಾಲೇಜಿನವರಿಗೆ, ಉಡುಪಿಯಲ್ಲಿ ಜೀವಶಾಸ್ತ್ರ ಓದುತ್ತ ಒಂದು ಒಳ್ಳೆಯ ಸೂಕ್ಷ್ಮದರ್ಶಕದ ಆಸರೆ ಇರುವವರಿಗೆ ಇದು ಸಾಕಾಗಬೇಕು.

ನೋಡುತ್ತಿರುವುದು ಏನನ್ನು

ಡೈನೋಫ್ಲಾಜೆಲೇಟ್ ಎಂದರೆ ನೀರಿನಲ್ಲಿ ತೇಲುವ ಏಕಕೋಶ ಜೀವಿ. ಅದಕ್ಕೆ ಎರಡು ಚಾವಟಿ. ಒಂದು ಸೊಂಟದ ಸುತ್ತಲಿನ ತೋಡಿನಲ್ಲಿ ಅಡ್ಡಲಾಗಿ ಸುತ್ತಿಕೊಂಡಿರುತ್ತದೆ, ಈ ತೋಡೇ ಸಿಂಗ್ಯುಲಮ್. ಇನ್ನೊಂದು ಹೊಟ್ಟೆಯ ಭಾಗದ ಉದ್ದ ತೋಡಿನಿಂದ ಹಿಂದಕ್ಕೆ ಚಾಚುತ್ತದೆ, ಅದು ಸಲ್ಕಸ್. ನಮಗೆ ಬೇಕಾದ ಗುಂಪಿನಲ್ಲಿ ಈಜುವ ಜೀವಕೋಶದ ಮೇಲೆ ಸೆಲ್ಯುಲೋಸ್ ಫಲಕಗಳ ಕವಚ ಇರುತ್ತದೆ. ಜೀವಿ ಸತ್ತರೆ ಕವಚ ಬೇಗನೆ ಕೊಳೆತುಹೋಗುತ್ತದೆ. ಪಳೆಯುಳಿಕೆಯಾಗಿ ಉಳಿಯುವುದು ಕವಚವಲ್ಲ, ಸಿಸ್ಟ್.

ಲೈಂಗಿಕ ಸಂತಾನೋತ್ಪತ್ತಿಯ ನಂತರ ಕೆಲವು ಪ್ರಭೇದಗಳು ಕವಚದೊಳಗೆ ಇನ್ನೊಂದು ಗೋಡೆ ಕಟ್ಟಿಕೊಂಡು ತಳಕ್ಕಿಳಿದು ಮಲಗುತ್ತವೆ. ಆ ಗೋಡೆಯ ವಸ್ತು ಡೈನೋಸ್ಪೊರಿನ್. ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಕಲ್ಲು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಇಂದು ಬದುಕಿರುವ ಡೈನೋಫ್ಲಾಜೆಲೇಟ್‌ಗಳಲ್ಲಿ ಇಂಥ ಸಿಸ್ಟ್ ಮಾಡುವವು ಸಣ್ಣ ಪಾಲು ಮಾತ್ರ. ಕಡಲು ಕೆಂಪಾದಾಗ ಅಥವಾ ರಾತ್ರಿ ಹೊಳೆದಾಗ ಪತ್ರಿಕೆಗಳಲ್ಲಿ ಹೆಸರು ಬರುವ ನಾಕ್ಟಿಲೂಕಾ, ಉದಾಹರಣೆಗೆ, ನಮ್ಮ ಸ್ಲೈಡಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಕೆಸರಿನ ಸಿಸ್ಟ್ ಪಟ್ಟಿಯನ್ನು ಮೇಲಿನ ನೀರಿನ ಜೀವಿಗಳ ಪೂರ್ತಿ ಪಟ್ಟಿ ಎಂದು ತಿಳಿಯಬಾರದು.

ಈ ಸಂಬಂಧ ತಿಳಿಯುವುದಕ್ಕೇ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 1830ರ ದಶಕದಲ್ಲಿ ಜರ್ಮನಿಯ ಎಹ್ರೆನ್‌ಬರ್ಗ್ ಫ್ಲಿಂಟ್ ಕಲ್ಲಿನ ತೆಳು ಚಕ್ಕೆಗಳಲ್ಲಿ ಇವನ್ನು ಕಂಡು, ಸಿಹಿನೀರಿನ ಪಾಚಿಯ ಕುಲವಾದ ಕ್ಸಾಂತಿಡಿಯಮ್‌ಗೆ ಸೇರಿಸಿದ. ನಮ್ಮ ಪ್ರಭೇದದ ಮೊದಲ ಹೆಸರು ಕ್ಸಾಂತಿಡಿಯಮ್ ರಾಮೋಸಮ್. 1850ರಲ್ಲಿ ಗಿಡಿಯನ್ ಮ್ಯಾಂಟೆಲ್ ಸ್ಪಿನಿಫೆರೈಟಿಸ್ ಕುಲವನ್ನು ಹುಟ್ಟುಹಾಕಿದ. ಇಗ್ವಾನೊಡಾನ್ ಡೈನೋಸಾರಿಗೆ ಹೆಸರಿಟ್ಟವನೂ ಇವನೇ. ಆಮೇಲೆ ಬಹುಕಾಲ ಇವೆಲ್ಲ ಯಾವ ಜೀವಿಯೆಂದು ತಿಳಿಯದ ‘ಹಿಸ್ಟ್ರಿಕೋಸ್ಪಿಯರ್’ಗಳಾಗಿಯೇ ಉಳಿದವು. 1961ರಲ್ಲಿ ಅಮೆರಿಕದ ವಿಲಿಯಂ ಎವಿಟ್ ಮುಳ್ಳುಗಳ ಜೋಡಣೆ ಫಲಕಗಳ ಜೋಡಣೆಯನ್ನೇ ಅನುಸರಿಸುತ್ತದೆ, ಗೋಡೆಯಲ್ಲಿರುವ ತೂತು ಜೀವಿ ಹೊರಬಂದ ಕಿಂಡಿ ಎಂದು ತೋರಿಸಿದ. ಅದೇ ದಶಕದಲ್ಲಿ ವಾಲ್ ಮತ್ತು ಡೇಲ್ ಜೀವಂತ ಸಿಸ್ಟ್‌ಗಳನ್ನು ಪ್ರಯೋಗಾಲಯದಲ್ಲಿ ಒಡೆಯಿಸಿ, ಹೊರಬಂದ ಜೀವಿ ಯಾವುದೆಂದು ಕಣ್ಣಾರೆ ಕಂಡರು. ಸ್ಪಿನಿಫೆರೈಟಿಸ್ ಸಿಸ್ಟ್‌ಗಳಿಂದ ಹೊರಬಿದ್ದದ್ದು ಗೊನಿಯಾಲಾಕ್ಸ್ ಸ್ಪಿನಿಫೆರಾ ಬಳಗದ ಜೀವಿ.

ಎವಿಟ್ ನೋಡಿದ ಆ ಎರಡು ವಿಷಯ, ಅಂದರೆ ಕಿಂಡಿ ಮತ್ತು ಫಲಕಗಳ ಗುರುತು, ಇಂದಿಗೂ ಗುರುತಿಸುವಿಕೆಯ ಬೆನ್ನೆಲುಬು.

ಕೆಸರು ಎಲ್ಲಿಂದ ತರುವುದು

ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಮರಳು ಬೇಡ. ಸಿಸ್ಟ್ ನೀರಿನಲ್ಲಿ ಹೂಳಿನ ಕಣದ ಹಾಗೆ ವರ್ತಿಸುತ್ತದೆ. ಅಲೆ ಹೊಡೆಯುವಲ್ಲಿ ನಿಲ್ಲುವುದಿಲ್ಲ, ನೀರು ಸುಮ್ಮನಾಗುವಲ್ಲಿ ಕೂರುತ್ತದೆ. ಬೆಂಗ್ರೆಯ ಮರಳ ದಿಣ್ಣೆಯ ಒಳಮಗ್ಗುಲು, ಶಾಂಭವಿ ಮತ್ತು ನಂದಿನಿ ಕೂಡುವ ಮೂಲ್ಕಿ ಅಳಿವೆ, ಸೀತಾ ಮತ್ತು ಸ್ವರ್ಣಾ ಸಮುದ್ರ ಸೇರುವ ಹಂಗಾರಕಟ್ಟೆ, ಕೋಡಿ ಬೆಂಗ್ರೆಯ ಸುತ್ತಮುತ್ತ ಇಂಥ ನುಣ್ಣನೆಯ ಕೆಸರು ಸಿಗುತ್ತದೆ. ಮಳೆಗಾಲದ ನೆರೆ ಮೇಲಿನ ಕೆಸರನ್ನು ಕಲಕಿ ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಡಿಸೆಂಬರ್‌ನಿಂದ ಮೇ ವರೆಗಿನ ಅವಧಿ ವಾಸಿ. ಮೇಲಿನ ಎರಡು ಸೆಂಟಿಮೀಟರ್ ಮಾತ್ರ ತೆಗೆಯಿರಿ. ಜಾಗ, ದಿನಾಂಕ, ಇಳಿತವೋ ಉಬ್ಬರವೋ, ನೀರಿನ ಉಪ್ಪಿನಂಶ ಎಷ್ಟು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಉಪ್ಪಿನಂಶ ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹಳೆಯ ಪಳೆಯುಳಿಕೆಯೇ ಬೇಕೆಂದರೆ ನಮ್ಮ ಜಿಲ್ಲೆಗಳ ನೆಲ ಅಷ್ಟು ಉದಾರವಲ್ಲ. ಇಲ್ಲಿ ಹೆಚ್ಚಾಗಿ ಇರುವುದು ಮುರಕಲ್ಲು, ಅದರಡಿಯ ನೈಸ್ ಶಿಲೆ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಕ್ರಿಟೇಶಿಯಸ್ ಕಾಲದವೇ, ಆದರೆ ಕಾದು ಹರಿದ ಲಾವಾ. ಅದರೊಳಗೆ ಸಿಸ್ಟ್ ಹುಡುಕಿ ಪ್ರಯೋಜನವಿಲ್ಲ, ಜೊತೆಗೆ ಅದು ಭೂವೈಜ್ಞಾನಿಕ ಸ್ಮಾರಕ, ಚಕ್ಕೆ ಕೀಳುವ ಹಾಗೂ ಇಲ್ಲ. ಸಮುದ್ರದಲ್ಲಿ ಜಮೆಯಾದ ಸುಣ್ಣಕಲ್ಲು, ಜೇಡಿಕಲ್ಲು ಬೇಕು. ತಮಿಳುನಾಡಿನ ಅರಿಯಲೂರು, ಗುಜರಾತಿನ ಕಚ್ಛ್, ಮೇಘಾಲಯದ ಖಾಸಿ ಬೆಟ್ಟಗಳ ಮಾದರಿಗಳು ಅನೇಕ ವಿಭಾಗಗಳ ಕಪಾಟಿನಲ್ಲಿ ಇರುತ್ತವೆ. ಕೇಳಿದರೆ ಸಿಗುತ್ತವೆ.

ತೊಳೆಯುವುದು, ಸೋಸುವುದು

ಅಳಿವೆಯ ಹಸಿ ಕೆಸರಿಗೆ ಆಮ್ಲದ ಅಗತ್ಯವೇ ಇಲ್ಲ. ಎರಡು ಮೂರು ಗ್ರಾಂ ಕೆಸರನ್ನು ಸೋಸಿದ ನೀರಿನಲ್ಲಿ ಕದಡಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಒಂದೆರಡು ನಿಮಿಷ ಇಡಿ. ಅದಕ್ಕೂ ಹೆಚ್ಚು ಹೊತ್ತು ಬೇಡ, ತೆಳು ಗೋಡೆಯವು ಹರಿಯುತ್ತವೆ. ಬಳಿಕ 125 ಮೈಕ್ರಾನ್ ಜರಡಿಯಲ್ಲಿ ಹಾಯಿಸಿ, ಕೆಳಗೆ 20 ಮೈಕ್ರಾನ್ ಜರಡಿಯಲ್ಲಿ ಹಿಡಿಯಿರಿ. ಪ್ಲಾಂಕ್ಟನ್ ಬಲೆಯ ನೈಲಾನ್ ಬಟ್ಟೆಯನ್ನು ಪಿವಿಸಿ ಕೊಳವೆಯ ತುಂಡಿಗೆ ಅಂಟಿಸಿದರೆ ಜರಡಿ ಸಿದ್ಧ. ನಮ್ಮ ಪ್ರಭೇದಕ್ಕೆ 20 ಮೈಕ್ರಾನ್ ಸಾಕು. ಎಲ್ಲ ಸಿಸ್ಟ್‌ಗಳ ಎಣಿಕೆ ಬೇಕಿದ್ದರೆ 10 ಮೈಕ್ರಾನ್‌ಗೆ ಇಳಿಯಿರಿ, ಇಲ್ಲವಾದರೆ ಚಿಕ್ಕವು ಜಾರಿಹೋಗುತ್ತವೆ. ಮರಳು ಉಳಿದಿದ್ದರೆ ಗಾಜಿನ ಬಟ್ಟಲಿನಲ್ಲಿ ಸುತ್ತಿಸಿ, ಹಗುರವಾದ ಭಾಗವನ್ನು ಬೇರೆ ಮಾಡಿ.

ಕಲ್ಲಿನ ಮಾತು ಬೇರೆ. ಸುಣ್ಣದ ಅಂಶವನ್ನು ಹೈಡ್ರೋಕ್ಲೋರಿಕ್ ಆಮ್ಲ ತೆಗೆಯುತ್ತದೆ, ಸಿಲಿಕೇಟ್ ಖನಿಜಗಳನ್ನು ಹೈಡ್ರೋಫ್ಲೋರಿಕ್ ಆಮ್ಲ ತೆಗೆಯುತ್ತದೆ. ಎರಡನೆಯದನ್ನು ಮಾಡಲು ಅದಕ್ಕೆಂದೇ ಕಟ್ಟಿದ ಫ್ಯೂಮ್ ಹುಡ್, ಸರಿಯಾದ ಕೈಗವಸು, ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಜೊತೆಗೆ ತರಬೇತಾದ ವ್ಯಕ್ತಿ, ಇಷ್ಟೂ ಇರಲೇಬೇಕು. ಈ ಆಮ್ಲ ಚರ್ಮ ದಾಟಿ ಒಳಗಿಳಿದು ರಕ್ತದ ಕ್ಯಾಲ್ಸಿಯಂ ಅನ್ನೇ ಕಬಳಿಸುತ್ತದೆ. ನೋವು ಗೊತ್ತಾಗುವಷ್ಟರಲ್ಲಿ ತಡವಾಗಿರಬಹುದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮಾದರಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ. ಪರಾಗದ ಸ್ಲೈಡು ಮಾಡುವವರು ರೂಢಿಯಿಂದ ಅಸಿಟೊಲಿಸಿಸ್ (ಬಿಸಿ ಆಮ್ಲ ಮಿಶ್ರಣದಲ್ಲಿ ತೊಳೆಯುವುದು) ಮಾಡಿಬಿಡುತ್ತಾರೆ. ಸಿಸ್ಟ್ ಕೆಲಸದಲ್ಲಿ ಅದನ್ನೂ ಬೇರೆ ಆಕ್ಸಿಡೀಕರಣವನ್ನೂ ಬಿಡಿ. ಸ್ಪಿನಿಫೆರೈಟಿಸ್ ಅಷ್ಟಿಷ್ಟು ತಡೆದುಕೊಂಡರೂ ಪ್ರೊಟೊಪೆರಿಡಿನಿಯಮ್ ಬಳಗದ ಕಂದು ಸಿಸ್ಟ್‌ಗಳು ನಾಶವಾಗಿ, ಮಾದರಿಯಲ್ಲಿ ಅವು ಇರಲೇ ಇಲ್ಲ ಎಂಬ ಸುಳ್ಳು ಚಿತ್ರ ಉಳಿಯುತ್ತದೆ.

ಶಾಶ್ವತ ಸ್ಲೈಡಿಗೆ ಗ್ಲಿಸರಿನ್ ಜೆಲ್ಲಿ. ಕಲಿಯುವ ಹಂತದಲ್ಲಿ ಮಾತ್ರ ನೀರಾದ ಗ್ಲಿಸರಿನ್ ಹನಿಯೇ ಮೇಲು. ಕವರ್‌ಸ್ಲಿಪ್ಪಿನ ಅಂಚನ್ನು ಸೂಜಿಯಿಂದ ಮೆಲ್ಲಗೆ ತಳ್ಳಿದರೆ ಒಳಗಿನ ಸಿಸ್ಟ್ ಮಗುಚಿಕೊಳ್ಳುತ್ತದೆ. ಬೆನ್ನು, ಹೊಟ್ಟೆ, ಶಿಖರ, ಬುಡ ಎಲ್ಲವೂ ಒಂದೇ ಸಿಸ್ಟ್‌ನಲ್ಲಿ ನೋಡಲು ಸಿಗುತ್ತವೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಫೋಟೋದಲ್ಲೂ ಇಲ್ಲ.

ಕಿಂಡಿ

400 ಪಟ್ಟು ವರ್ಧನೆಯಲ್ಲಿ ಸ್ಲೈಡನ್ನು ಸಾಲುಸಾಲಾಗಿ ನೋಡುತ್ತ ಹೋಗಿ. ಮುಳ್ಳಿನ ಗುಂಡು ಸಿಕ್ಕಿದಾಗ ಮೊದಲ ಪ್ರಶ್ನೆ: ಖಾಲಿಯೋ, ತುಂಬಿದೆಯೋ? ಒಳಗೆ ಕಾಳುಕಾಳಾದ ಜೀವದ್ರವ್ಯವಿದ್ದು ಆಗಾಗ ಒಂದು ಕೆಂಪು ಅಥವಾ ಕಿತ್ತಳೆ ಚುಕ್ಕೆ ಕಂಡರೆ ಅದು ಇನ್ನೂ ಒಡೆಯದ ಸಿಸ್ಟ್. ಅದಕ್ಕೆ ಕಿಂಡಿ ಇರುವುದಿಲ್ಲ, ಯಾಕೆಂದರೆ ಜೀವಿ ಹೊರಬೀಳುವಾಗಲೇ ಕಿಂಡಿ ತೆರೆಯುವುದು. ಅಭ್ಯಾಸಕ್ಕೆ ಖಾಲಿ ಸಿಸ್ಟ್ ಬೇಕು. ಪಳೆಯುಳಿಕೆಯಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ಒಡೆದವೇ ಹೆಚ್ಚು.

ಕಿಂಡಿಯ ಶಾಸ್ತ್ರೀಯ ಹೆಸರು ಆರ್ಕಿಯೊಪೈಲ್. ಅದು ಎಲ್ಲೆಂದರಲ್ಲಿ ಹರಿದ ತೂತಲ್ಲ. ನಿರ್ದಿಷ್ಟ ಫಲಕಕ್ಕೆ ಸರಿಹೊಂದುವ ಗೋಡೆಯ ತುಂಡು ಕಳಚಿ ಉಂಟಾದ, ಮೂಲೆಗಳುಳ್ಳ ತೆರವು. ಕಳಚಿದ ತುಂಡೇ ಮುಚ್ಚಳ, ಆಪರ್ಕ್ಯುಲಮ್. ಕೆಲವು ಗುಂಪುಗಳಲ್ಲಿ ಶಿಖರದ ಫಲಕಗಳೆಲ್ಲ ಒಟ್ಟಾಗಿ ಟೋಪಿಯಂತೆ ಹೋಗುತ್ತವೆ. ಪೆರಿಡಿನಿಯಾಯ್ಡ್ ಗುಂಪಿನಲ್ಲಿ ಸಾಮಾನ್ಯವಾಗಿ ಶಿಖರಕ್ಕೂ ಸೊಂಟದ ಮೇಲಿನ ಸಾಲಿಗೂ ನಡುವಿನ ಫಲಕ ಹೋಗುತ್ತದೆ. ಹೊಮೊಟ್ರಿಬ್ಲಿಯಮ್ ಕುಲದಲ್ಲಿ ಸಿಂಗ್ಯುಲಮ್‌ನ ಮೇಲಿನ ಅರ್ಧವೇ ಬೇರೆಯಾಗುತ್ತದೆ.

ಸ್ಪಿನಿಫೆರೈಟಿಸ್‌ನಲ್ಲಿ ಹೋಗುವುದು ಒಂದೇ ಫಲಕ: ಸಿಂಗ್ಯುಲಮ್‌ನ ಮೇಲಂಚಿಗೆ ತಾಗಿದ ಸಾಲಿನ ಮೂರನೆಯದು, ಬೆನ್ನಿನ ನಡುವಿನದು. ಮುಚ್ಚಳ ಪೂರ್ತಿ ಕಳಚಿಹೋಗುತ್ತದೆ, ಆಗೊಮ್ಮೆ ಈಗೊಮ್ಮೆ ಸಿಸ್ಟ್‌ನೊಳಗೇ ಬಿದ್ದಿರುತ್ತದೆ. ತೆರವಿನ ಅಂಚು ಫಲಕದ ಗಡಿಗೆ ತಾಗುವುದಿಲ್ಲ, ಸ್ವಲ್ಪ ಒಳಗೇ ನಿಲ್ಲುತ್ತದೆ. ಹಾಗಾಗಿ ಸುತ್ತಲಿನ ಮುಳ್ಳುಗಳು ತಮ್ಮ ಜಾಗದಲ್ಲೇ ಉಳಿದುಕೊಂಡಿರುತ್ತವೆ. ಈ ಕಿಂಡಿ ಕಾಣದಿದ್ದರೆ ಪ್ರಭೇದದ ಹೆಸರು ಬರೆಯಬೇಡಿ ಎಂಬುದು ನನ್ನ ಕಟ್ಟುನಿಟ್ಟಿನ ಸಲಹೆ. ಕುಲದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಿನ ಸಿಸ್ಟ್‌ಗೆ ಹೋಗಿ. ಒಳ್ಳೆಯ ಕೆಸರಿನಲ್ಲಿ ಇನ್ನೊಂದು ಸಿಕ್ಕೇ ಸಿಗುತ್ತದೆ.

ಯಾವ ಸಿಸ್ಟ್‌ನಲ್ಲೂ ಕಿಂಡಿಯಿಲ್ಲ, ಫಲಕದ ಗುರುತೂ ಇಲ್ಲ, ಆದರೆ ಆಮ್ಲಕ್ಕೆ ಕರಗದ ಮುಳ್ಳಿನ ಗುಂಡು ಎಂದಾದರೆ ಅದನ್ನು ಅಕ್ರಿಟಾರ್ಕ್ ಎಂಬ ಗುಂಪಿಗೆ ಹಾಕುತ್ತಾರೆ. ಈ ಗುಂಪನ್ನು ಕಟ್ಟಿದ್ದೂ ಎವಿಟ್, 1963ರಲ್ಲಿ. ಮೂಲ ತಿಳಿಯದ್ದಕ್ಕೆಲ್ಲ ಅದೊಂದು ಪ್ರಾಮಾಣಿಕ ಗೋದಾಮು.

ಎಡಬಲದ ಗೊಂದಲ

ಕಿಂಡಿ ಸಿಕ್ಕಿದರೆ ಬೆನ್ನು ಸಿಕ್ಕಿತು. ಅದರ ಎದುರು ಬದಿ ಹೊಟ್ಟೆ, ಅಲ್ಲಿ ಸಲ್ಕಸ್ ಇರುತ್ತದೆ. ಕಿಂಡಿ ಸಿಂಗ್ಯುಲಮ್‌ಗಿಂತ ಮೇಲಿರುವುದರಿಂದ ಶಿಖರ ಯಾವ ಕಡೆ ಎಂಬುದೂ ಗೊತ್ತಾಯಿತು. ಶಿಖರ ಮೇಲೆ ಬರುವಂತೆ ಸ್ಲೈಡನ್ನೋ ಕ್ಯಾಮೆರಾವನ್ನೋ ತಿರುಗಿಸಿಕೊಳ್ಳಿ.

ಈಗ ಹೆಚ್ಚಿನವರು ಎಡವುವ ಜಾಗ ಬರುತ್ತದೆ. ಸಿಸ್ಟ್ ಪಾರದರ್ಶಕ. ಫೋಕಸ್ ಮೇಲಿದ್ದಾಗ ನಿಮ್ಮ ಕಡೆಯ ಗೋಡೆ ಕಾಣುತ್ತದೆ, ನಡುವೆ ತಂದರೆ ಹೊರರೇಖೆ ಮಾತ್ರ, ಇನ್ನೂ ಇಳಿಸಿದರೆ ಆಚೆಯ ಗೋಡೆ, ಅದೂ ಒಳಗಿನಿಂದ ನೋಡಿದಂತೆ. ಗಾಜಿನ ಬಾಗಿಲಿನ ಮೇಲೆ ಬರೆದ ಅಂಗಡಿಯ ಹೆಸರನ್ನು ಒಳಗೆ ನಿಂತು ಓದಿದ ಹಾಗೆ ಎಡಬಲ ಅದಲುಬದಲಾಗಿರುತ್ತದೆ. ಆದ್ದರಿಂದ ಪ್ರತಿ ಚಿತ್ರದಡಿ ‘ಬೆನ್ನಿನ ನೋಟ, ಮೇಲಿನ ಫೋಕಸ್’ ಅಥವಾ ‘ಹೊಟ್ಟೆಯ ಭಾಗ, ಕೆಳ ಫೋಕಸ್’ ಎಂದು ತಪ್ಪದೆ ಬರೆಯಿರಿ. ಮೂರು ಫೋಕಸ್‌ಗಳಲ್ಲಿ ಮೂರು ಫೋಟೋ ತೆಗೆಯುವುದು ಕನಿಷ್ಠ. ಹಾಗೆಯೇ ಕೆಲವು ಸೂಕ್ಷ್ಮದರ್ಶಕಗಳು ಬಿಂಬವನ್ನೇ ತಲೆಕೆಳಗು ಮಾಡಿ ತೋರಿಸುತ್ತವೆ. ಸ್ಲೈಡಿನ ಅಂಚಿನಲ್ಲಿ ಒಂದು ಅಕ್ಷರ ಬರೆದು ನಿಮ್ಮದು ಏನು ಮಾಡುತ್ತದೆ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ.

ಈ ಎಚ್ಚರಿಕೆಗೆ ಕಾರಣವಿದೆ. ಗೊನಿಯಾಲಾಕ್ಸ್ ಬಳಗದಲ್ಲಿ ಸಿಂಗ್ಯುಲಮ್‌ನ ಎರಡು ತುದಿಗಳು ಹೊಟ್ಟೆಯಲ್ಲಿ ಒಂದೇ ಮಟ್ಟದಲ್ಲಿ ಕೂಡುವುದಿಲ್ಲ. ಸಿಸ್ಟ್‌ನ ಎಡಬದಿಯ ತುದಿ ಶಿಖರಕ್ಕೆ ಹತ್ತಿರ, ಬಲಬದಿಯದು ಕೆಳಗೆ. ಹೊಟ್ಟೆ ನಿಮ್ಮ ಕಡೆ ಮುಖ ಮಾಡಿದ್ದಾಗ ಸಿಸ್ಟ್‌ನ ಎಡ ನಿಮ್ಮ ಬಲಗೈ ಕಡೆ ಬರುತ್ತದೆ ಎಂಬುದನ್ನೂ ಮರೆಯಬಾರದು. ಫೋಕಸ್ ಬರೆಯದೆ ಬಿಟ್ಟರೆ ಇಳಿಯುವ ಸಿಂಗ್ಯುಲಮ್ ನೋಟ್‌ಬುಕ್ಕಿನಲ್ಲಿ ಏರುವ ಸಿಂಗ್ಯುಲಮ್ ಆಗಿಬಿಡುತ್ತದೆ, ಆಮೇಲೆ ಯಾವ ಕೀಲಿಪಟ್ಟಿಯಲ್ಲೂ ಅದು ಸಿಗುವುದಿಲ್ಲ.

ಇನ್ನು ಮುಳ್ಳು

ಈಗ ಮುಳ್ಳಿನ ಪಾಳಿ. ಎಷ್ಟಿವೆ ಎಂದು ಕೇಳಬೇಡಿ, ಎಲ್ಲಿವೆ ಎಂದು ಕೇಳಿ.

ರಾಮೋಸಸ್‌ನ ಮೈ ಅಂಡಾಕಾರ, ನುಣುಪು ಅಥವಾ ತೀರಾ ಸಣ್ಣ ಕಾಳಿನಷ್ಟು ಒರಟು. ಮೈಯ ಉದ್ದ, ಮುಳ್ಳು ಬಿಟ್ಟು, ಸುಮಾರು 30ರಿಂದ 50 ಮೈಕ್ರಾನ್. ಗೋಡೆಗೆ ಎರಡು ಪದರ: ಒಳಗಿನದು ಎಂಡೋಫ್ರಾಗ್ಮ್, ಹೊರಗಿನದು ಪೆರಿಫ್ರಾಗ್ಮ್. ಮುಳ್ಳಿಲ್ಲದ ಕಡೆ ಎರಡೂ ಅಂಟಿಕೊಂಡಿರುತ್ತವೆ, ಮುಳ್ಳನ್ನು ಕಟ್ಟುವುದು ಹೊರಪದರ. ಫಲಕದಿಂದ ಫಲಕಕ್ಕೆ ಇರುವ ಗಡಿಯುದ್ದಕ್ಕೂ ತಗ್ಗಾದ ಏಣು ಓಡುತ್ತದೆ. ಮೂರು ಫಲಕಗಳು ಕೂಡುವ ಮೂಲೆಯಲ್ಲಿ ಒಂದು ಮುಳ್ಳು ಏಳುತ್ತದೆ, ಅದರ ತುದಿ ಮೂರಾಗಿ ಕವಲೊಡೆದು, ಪ್ರತಿ ಕವಲಿನ ಕೊನೆ ಮತ್ತೆ ಎರಡಾಗಿ ಸೀಳಿರುತ್ತದೆ. ಎರಡೇ ಫಲಕಗಳ ನಡುವಿನ ಏಣಿನ ಮೇಲೆ ಮುಳ್ಳು ಎದ್ದಿದ್ದರೆ ಅದರ ತುದಿಗೆ ಎರಡು ಕವಲು. ರಾಮೋಸಸ್‌ನಲ್ಲಿ ಮೂಲೆಯ ಮುಳ್ಳುಗಳೇ ಪ್ರಧಾನ, ನಡುವಿನವು ವಿರಳ. ಸಿಂಗ್ಯುಲಮ್‌ನ ಮೇಲಂಚಿನಲ್ಲಿ ಒಂದು, ಕೆಳಅಂಚಿನಲ್ಲಿ ಒಂದು, ಹೀಗೆ ಮುಳ್ಳಿನ ಎರಡು ಸಾಲುಗಳು ಸೊಂಟದ ಸುತ್ತ ಹೋಗುವುದನ್ನು ಪಕ್ಕದ ನೋಟದಲ್ಲಿ ಚೆನ್ನಾಗಿ ಕಾಣಬಹುದು. ಎಣ್ಣೆ ಹಾಕಿ 1000 ಪಟ್ಟಿನಲ್ಲಿ ನೋಡುವುದು ಈ ತುದಿಗಳಿಗಾಗಿಯೇ. ಡಿಐಸಿ (ಮೇಲ್ಮೈಯ ಏರಿಳಿತವನ್ನು ಉಬ್ಬಿಸಿ ತೋರಿಸುವ ಬೆಳಕಿನ ವ್ಯವಸ್ಥೆ) ಸೌಲಭ್ಯವಿದ್ದರೆ ಏಣುಗಳು ಎದ್ದು ಕಾಣುತ್ತವೆ. ಇಲ್ಲದಿದ್ದರೆ ಕಂಡೆನ್ಸರ್ ಡಯಾಫ್ರಮ್ ಅನ್ನು ಸ್ವಲ್ಪ ಮುಚ್ಚಿ ನೋಡಿ, ತಕ್ಕಮಟ್ಟಿಗೆ ಕೆಲಸ ಆಗುತ್ತದೆ.

ಫಲಕಗಳ ಎಣಿಕೆಗೆ ಚಾರ್ಲ್ಸ್ ಕೊಫಾಯ್ಡ್ 1900ರ ದಶಕದಲ್ಲಿ ಕೊಟ್ಟ ಪದ್ಧತಿಯೇ ಇಂದಿಗೂ ಬಳಕೆಯಲ್ಲಿದೆ. ಶಿಖರದಿಂದ ಬುಡದವರೆಗೆ ಫಲಕಗಳನ್ನು ಸಾಲುಗಳಾಗಿ ವಿಂಗಡಿಸಿ, ಪ್ರತಿ ಸಾಲಿನಲ್ಲಿ ಹೊಟ್ಟೆಯ ಭಾಗದಿಂದ ಶುರುಮಾಡಿ ಸಿಸ್ಟ್‌ನ ಎಡದಿಂದ ಸುತ್ತು ಬರುತ್ತ ಎಣಿಸುವುದು. ನಮ್ಮ ಪ್ರಭೇದದ ಲೆಕ್ಕ: ಶಿಖರದಲ್ಲಿ 4, ಸಿಂಗ್ಯುಲಮ್‌ನ ಮೇಲೆ 6, ಸಿಂಗ್ಯುಲಮ್‌ನಲ್ಲೇ 6, ಅದರ ಕೆಳಗೆ 6, ಹಿಂಭಾಗದ ನಡುಫಲಕ 1, ಬುಡದಲ್ಲಿ 1. ಸಲ್ಕಸ್‌ನ ಚಿಕ್ಕ ಫಲಕಗಳು ಇದಕ್ಕೆ ಹೊರತು. ಮೊದಲ ದಿನವೇ ಎಲ್ಲ ಹೊಂದಿಸಲು ಹೋಗಬೇಡಿ, ತಲೆ ಕೆಡುತ್ತದೆ. ಕಿಂಡಿಯ ಫಲಕದಿಂದ ಆರಂಭಿಸಿ ಅದರ ಎಡಬಲದ ಎರಡು ಫಲಕಗಳನ್ನೂ ಕೆಳಗಿನ ಸಿಂಗ್ಯುಲಮ್ ತುಂಡನ್ನೂ ಪೆನ್ಸಿಲ್‌ನಲ್ಲಿ ಬಿಡಿಸಿ. ಬೆನ್ನು ಅರ್ಥವಾದರೆ ಉಳಿದದ್ದು ನಿಧಾನವಾಗಿ ಬರುತ್ತದೆ. ಹೊಟ್ಟೆಯ ಭಾಗ ಪಳಗಿದವರನ್ನೂ ಕಾಡುತ್ತದೆ.

ಮೋಸ ಮಾಡುವ ನೆರೆಹೊರೆ

ಅಕೋಮೊಸ್ಪೇರಾ ಕುಲ ರಾಮೋಸಸ್‌ನ ತದ್ರೂಪಿ, ಮುಳ್ಳುಗಳ ನಡುವೆ ಏಣು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಏಣು ಎಷ್ಟು ಮಸುಕಾದರೆ ಇಲ್ಲವೆನ್ನಬೇಕು ಎಂಬುದರ ಬಗ್ಗೆ ಒಮ್ಮತ ಕಷ್ಟ. ಆಪರ್ಕ್ಯುಲೊಡಿನಿಯಮ್ ಸೆಂಟ್ರೊಕಾರ್ಪಮ್‌ಗೂ ಕಿಂಡಿ ಅದೇ ಜಾಗದಲ್ಲಿ, ಅಂದರೆ ಕಿಂಡಿಯೊಂದೇ ಸಾಲದು. ಆದರೆ ಅದರ ಮೈ ದುಂಡು, ಮುಳ್ಳುಗಳು ಫಲಕದ ಗಡಿಯನ್ನು ಲೆಕ್ಕಿಸದೆ ಮೈಯೆಲ್ಲ ಹರಡಿರುತ್ತವೆ, ತುದಿಯಲ್ಲಿ ಕವಲಿನ ಬದಲು ಪುಟ್ಟ ಗುಂಡಿಯಂಥ ಅಗಲಿಕೆ. ಲಿಂಗುಲೊಡಿನಿಯಮ್ ಮಕೆರೊಫೊರಮ್‌ನ ಮುಳ್ಳು ಚೂಪು, ಕಿಂಡಿ ದೊಡ್ಡದು, ಐದು ಫಲಕಗಳವರೆಗೂ ಹೋಗಬಹುದು. ಕ್ರಿಟೇಶಿಯಸ್ ಮಾದರಿಯಲ್ಲಿ ಆಲಿಗೋಸ್ಪೇರಿಡಿಯಮ್ ಸಿಕ್ಕರೆ ಅದರ ದಪ್ಪ ಕೊಳವೆ ಮುಳ್ಳುಗಳು ಮೂಲೆಯಲ್ಲಿರದೆ ಫಲಕದ ನಡುವಿನಿಂದ, ಫಲಕಕ್ಕೊಂದರಂತೆ ಎದ್ದಿರುತ್ತವೆ. ಸಿಂಗ್ಯುಲಮ್ ಮೇಲೆ ಮುಳ್ಳೇ ಇಲ್ಲ, ಕಿಂಡಿ ಶಿಖರದಲ್ಲಿ.

ಸ್ವಂತ ಕುಲದೊಳಗಿನವು ಇನ್ನೂ ಸೂಕ್ಷ್ಮ. ಬುಡದಲ್ಲಿ ಪೊರೆಯಂಥ ರೆಕ್ಕೆ ಇದ್ದರೆ ಸ್ಪಿನಿಫೆರೈಟಿಸ್ ಮೆಂಬ್ರನೇಶಿಯಸ್. ಅಂಥದೇ ಬುಡದ ರೆಕ್ಕೆ ಜೊತೆಗೆ ಮೂಲೆಗಳ ನಡುವೆಯೂ ಮುಳ್ಳು ತುಂಬಿದ್ದರೆ ಮಿರಾಬಿಲಿಸ್. ರೆಕ್ಕೆಯಿಲ್ಲದೆ ನಡುವಿನ ಮುಳ್ಳುಗಳಿದ್ದರೆ ಹೈಪರಕ್ಯಾಂಥಸ್. ಮೈ ಪೇರಲೆಯಾಕಾರವಾಗಿ ಶಿಖರದಲ್ಲಿ ಗುಬುಟು ಇದ್ದರೆ ಬೆಂಟೊರೈ. ಇವು ಯಾವುವೂ ಇಲ್ಲದ ಸಾದಾ ರೂಪ ರಾಮೋಸಸ್. ಹೀಗೆ ‘ಯಾವುದೂ ಅಲ್ಲದ್ದು’ ಎಂಬ ಅರ್ಥದಲ್ಲಿ ಬಳಸಿ ಬಳಸಿ ಈ ಹೆಸರು ಸಿಕ್ಕಿದ್ದನ್ನೆಲ್ಲ ತುಂಬುವ ಬುಟ್ಟಿಯಾಗಿದೆ. 1966ರಲ್ಲಿ ಡೇವಿ ಮತ್ತು ವಿಲಿಯಮ್ಸ್ ಗ್ರನೋಸಸ್, ಗ್ರಾಸಿಲಿಸ್, ಮಲ್ಟಿಬ್ರೆವಿಸ್ ಮೊದಲಾದ ಉಪವಿಭಾಗಗಳನ್ನು ಮಾಡಿದ್ದೂ ಈ ವೈವಿಧ್ಯಕ್ಕೆ ಒಂದು ಲೆಕ್ಕ ಕೊಡಲಿಕ್ಕೇ. ಖಚಿತವಿಲ್ಲದಿದ್ದರೆ ‘ರಾಮೋಸಸ್, ವಿಶಾಲ ಅರ್ಥದಲ್ಲಿ’ ಎಂದು ಬರೆಯುವುದು ಗೌರವಯುತ.

ಅಳಿವೆಯವರಿಗೆ ಒಂದು ವಿಶೇಷ ಮಾತು. ಲಿಂಗುಲೊಡಿನಿಯಮ್ ಮಕೆರೊಫೊರಮ್‌ನಲ್ಲಿ ನೀರಿನ ಉಪ್ಪು ಕಡಿಮೆಯಾದಂತೆ ಮುಳ್ಳು ಗಿಡ್ಡವಾಗುವುದನ್ನು ದಾಖಲಿಸಿದ್ದಾರೆ. ನೇತ್ರಾವತಿ, ಫಲ್ಗುಣಿಗಳ ನೀರು ಮಳೆಗಾಲದಲ್ಲಿ ಬಹುತೇಕ ಸಿಹಿ, ಬೇಸಿಗೆಯಲ್ಲಿ ಉಪ್ಪು. ಗಿಡ್ಡ ಮುಳ್ಳು ಕಂಡೊಡನೆ ಹೊಸ ಪ್ರಭೇದ ಸಿಕ್ಕಿತೆಂದು ಸಂಭ್ರಮಿಸುವ ಮೊದಲು ಉಪ್ಪಿನಂಶ ಬರೆದಿಟ್ಟ ಪುಟ ತೆರೆದು ನೋಡಿ.

ಸಿಸ್ಟ್ ಅಲ್ಲದವುಗಳನ್ನು ಬೇಗ ಬದಿಗಿಡಬಹುದು. ದಾಸವಾಳದ ಪರಾಗ 100 ಮೈಕ್ರಾನ್ ಮೀರುತ್ತದೆ, ಅಡುಂಬಿನದೂ ದೊಡ್ಡದೇ, ಎರಡಕ್ಕೂ ಮೈಮೇಲೆ ಹಲವು ದುಂಡು ರಂಧ್ರಗಳು. ಸೂರ್ಯಕಾಂತಿ ಕುಟುಂಬದ ಪರಾಗ ಮಾತ್ರ ಗಾತ್ರದಲ್ಲಿ ಸರಿಸಮ. ಅದಕ್ಕೆ ಮೂರು ಸೀಳು, ಕವಲಿಲ್ಲದ ಶಂಕುವಿನಾಕಾರದ ಮುಳ್ಳು.

ಅಳತೆ, ಶ್ರೇಣಿ, ಬರವಣಿಗೆ

ಕಣ್ಣಿನ ಲೆನ್ಸಿನ ಅಳತೆಪಟ್ಟಿಯನ್ನು ಸ್ಟೇಜ್ ಮೈಕ್ರೊಮೀಟರ್ (ನಿಖರ ಅಳತೆ ಕೆತ್ತಿದ ಸ್ಲೈಡು) ಜೊತೆ ಹೊಂದಿಸದೆ ಅಳೆಯಬೇಡಿ. 40ರ ಲೆನ್ಸಿನಲ್ಲಿ ಒಂದು ಗೀರು 2.5 ಮೈಕ್ರಾನ್ ಆಸುಪಾಸು ಬರುವುದು ಸಾಮಾನ್ಯವಾದರೂ ಪ್ರತಿ ಸೂಕ್ಷ್ಮದರ್ಶಕದ ಲೆಕ್ಕ ಬೇರೆ. ಮೈಯ ಉದ್ದ, ಮೈಯ ಅಗಲ, ಅತಿ ಉದ್ದದ ಮುಳ್ಳಿನ ಅಳತೆ, ಈ ಮೂರನ್ನು 20ರಿಂದ 30 ಸಿಸ್ಟ್‌ಗಳಲ್ಲಿ ತೆಗೆದು ಕನಿಷ್ಠ, ಸರಾಸರಿ, ಗರಿಷ್ಠ ಬರೆಯಿರಿ. ಸ್ಲೈಡಿನ ಮೇಲೆ ಸಿಸ್ಟ್ ಇರುವ ಜಾಗವನ್ನು ಇಂಗ್ಲೆಂಡ್ ಫೈಂಡರ್ (ಚೌಕಗಳಿಗೆ ಸಂಖ್ಯೆ ಕೊಟ್ಟ ಗಾಜಿನ ಸ್ಲೈಡು) ಸಂಖ್ಯೆಯಲ್ಲಿ ಗುರುತಿಸಿಟ್ಟರೆ ವರ್ಷ ಕಳೆದರೂ ಅದೇ ಸಿಸ್ಟ್ ಮತ್ತೆ ಸಿಗುತ್ತದೆ.

ವರ್ಗೀಕರಣವನ್ನು 1993ರಲ್ಲಿ ಫೆನ್ಸಮ್ ಮತ್ತು ಸಂಗಡಿಗರು ಪಳೆಯುಳಿಕೆಗಳನ್ನೂ ಜೀವಂತ ರೂಪಗಳನ್ನೂ ಒಂದೇ ಚೌಕಟ್ಟಿಗೆ ತಂದ ರೀತಿಯಲ್ಲಿ ಬರೆಯುವುದು ರೂಢಿ. ವಿಭಾಗ ಡೈನೋಫ್ಲಾಜೆಲಾಟಾ, ಉಪವಿಭಾಗ ಡೈನೋಕ್ಯಾರಿಯೋಟಾ, ವರ್ಗ ಡೈನೋಫೈಸಿಯೇ, ಉಪವರ್ಗ ಪೆರಿಡಿನಿಫೈಸಿಡೇ, ಗಣ ಗೊನಿಯಾಲಕೇಲಿಸ್, ಉಪಗಣ ಗೊನಿಯಾಲಸಿನೀ, ಕುಟುಂಬ ಗೊನಿಯಾಲಕೇಸಿಯೇ, ಕುಲ ಸ್ಪಿನಿಫೆರೈಟಿಸ್. ಇನ್ನೂ ಮೇಲಕ್ಕೆ ಹೋದರೆ ಆಲ್ವಿಯೊಲೇಟ್ ಎಂಬ ದೊಡ್ಡ ಬಳಗ. ಮಂಗಳೂರಿಗರಿಗೆ ಚೆನ್ನಾಗಿ ಪರಿಚಯವಿರುವ ಮಲೇರಿಯಾ ಪರೋಪಜೀವಿಯೂ ಅದರದ್ದೇ ಸದಸ್ಯ. ಗಣದ ಮಟ್ಟದ ತೀರ್ಮಾನಕ್ಕೆ ಆಧಾರ ಫಲಕಗಳ ಜೋಡಣೆ. ಕುಲಕ್ಕೆ ಆಧಾರ ಕಿಂಡಿ, ಏಣು ಮತ್ತು ಮುಳ್ಳಿನ ಜಾಗ. ಪ್ರಭೇದಕ್ಕೆ ಬಂದಾಗಷ್ಟೇ ಮೈಯ ಆಕಾರ, ರೆಕ್ಕೆ, ಮೇಲ್ಮೈ ಇತ್ಯಾದಿ.

ಹೆಸರನ್ನು ಪೂರ್ತಿಯಾಗಿ ಬರೆಯುವಾಗ ಎಹ್ರೆನ್‌ಬರ್ಗ್ ಹೆಸರು ಆವರಣದೊಳಗೆ, ಮ್ಯಾಂಟೆಲ್ ಹೆಸರು ಹೊರಗೆ: ಸ್ಪಿನಿಫೆರೈಟಿಸ್ ರಾಮೋಸಸ್ (ಎಹ್ರೆನ್‌ಬರ್ಗ್) ಮ್ಯಾಂಟೆಲ್. ಮೊದಲು ಹೆಸರಿಟ್ಟವನು ಬೇರೆ ಕುಲದಲ್ಲಿ ಇಟ್ಟಿದ್ದ, ಎರಡನೆಯವನು ಇಲ್ಲಿಗೆ ತಂದ ಎಂಬ ಇತಿಹಾಸವೆಲ್ಲ ಆ ಆವರಣದಲ್ಲಿದೆ. ಹಳೆಯ ಪ್ರಬಂಧಗಳಲ್ಲಿ ಹಿಸ್ಟ್ರಿಕೋಸ್ಪೇರಾ ರಾಮೋಸಾ ಎಂದು ಕಂಡರೆ ಅದೂ ಇದೇ. ಹೆಸರು ಇಂದಿಗೂ ಮಾನ್ಯವೇ ಎಂದು ನೋಡಲು ಡೈನೋಫ್ಲಾಜ್ ಎಂಬ ಆನ್‌ಲೈನ್ ದತ್ತಕೋಶ ಉಚಿತವಾಗಿದೆ. ಈಜುವ ಜೀವಿಗೆ ಗೊನಿಯಾಲಾಕ್ಸ್, ಸಿಸ್ಟ್‌ಗೆ ಸ್ಪಿನಿಫೆರೈಟಿಸ್ ಎಂದು ಎರಡು ಹೆಸರು ಉಳಿದಿರುವುದಕ್ಕೆ ಬೇಸರ ಬೇಡ. ಪಳೆಯುಳಿಕೆಗೆ ಬೇರೆ ಹೆಸರಿಡಲು ನಾಮಕರಣದ ನಿಯಮ ಅವಕಾಶ ಕೊಡುತ್ತದೆ. ಮೇಲಾಗಿ ಒಂದೇ ಗೊನಿಯಾಲಾಕ್ಸ್ ಸ್ಪಿನಿಫೆರಾ ಎಂದುಕೊಂಡದ್ದಕ್ಕೆ ಹಲವು ಬಗೆಯ ಸಿಸ್ಟ್‌ಗಳು ಗಂಟುಬಿದ್ದಿರುವಾಗ ಹೆಸರುಗಳನ್ನು ಬೆಸೆಯಲು ಹೋದರೆ ಗೋಜಲು ಹೆಚ್ಚೀತು.

ವಿವರಣೆಯ ಭಾಷೆ ಟೆಲಿಗ್ರಾಂ ಥರ ಇರಲಿ. ಒಂದು ನಮೂನೆ, ಅಂಕಿಗಳು ಉದಾಹರಣೆಗೆ ಮಾತ್ರ: ‘ಮೈ ಅಂಡಾಕಾರ, ಬಣ್ಣವಿಲ್ಲದ್ದು, ಮೇಲ್ಮೈ ನುಣುಪು. ಗೋಡೆ ಎರಡು ಪದರ, ಮುಳ್ಳುಗಳ ನಡುವೆ ಅಂಟಿಕೊಂಡಿವೆ. ಫಲಕದ ಗಡಿಗಳಲ್ಲಿ ತಗ್ಗಾದ ಏಣು. ಮುಳ್ಳುಗಳು ಬಹುತೇಕ ಮೂಲೆಗಳಲ್ಲಿ, ತುದಿ ಮೂರು ಕವಲು, ಕವಲಿನ ಕೊನೆ ಎರಡಾಗಿ ಸೀಳು. ಸಿಂಗ್ಯುಲಮ್ ಇಳಿಯುವಂಥದ್ದು. ಕಿಂಡಿ ಸಿಂಗ್ಯುಲಮ್‌ನ ಮೇಲಿನ ಸಾಲಿನ ಮೂರನೇ ಫಲಕದಲ್ಲಿ, ಮುಚ್ಚಳ ಕಳಚಿದೆ. ಮೈಯ ಉದ್ದ 34 (39) 45 ಮೈಕ್ರಾನ್, ಅಳೆದ ಸಿಸ್ಟ್ 25.’ ‘ಸುಂದರ’, ‘ವಿಶಿಷ್ಟ’, ‘ಸಾಕಷ್ಟು ದೊಡ್ಡದು’ ಎಂಬ ಮಾತುಗಳನ್ನು ಹೊಡೆದುಹಾಕಿ. ಕಾಣದ ಲಕ್ಷಣವನ್ನು ಊಹಿಸಿ ಬರೆಯದೆ ‘ಕಂಡಿಲ್ಲ’ ಎಂದೇ ಬರೆಯಿರಿ.

ವಯಸ್ಸು ಹೇಳಲು ರಾಮೋಸಸ್ ಒಂದನ್ನೇ ನಂಬಬಾರದು. ಅಷ್ಟು ದೀರ್ಘಕಾಲ ಬದುಕಿದ ಪ್ರಭೇದದಿಂದ ಪದರದ ಕಾಲ ಕಟ್ಟಲಾಗುವುದಿಲ್ಲ. ಅದಕ್ಕೆ ಅಲ್ಪಾಯುಷಿಗಳು ಬೇಕು, ಅಥವಾ ಸುಮಾರು 5.6 ಕೋಟಿ ವರ್ಷಗಳ ಹಿಂದೆ ಭೂಮಿ ದಿಢೀರನೆ ಬಿಸಿಯಾದಾಗ ಎಲ್ಲೆಡೆ ಹೆಚ್ಚಿದ ಅಪೆಕ್ಟೊಡಿನಿಯಮ್‌ನಂಥವು. ಸ್ಪಿನಿಫೆರೈಟಿಸ್ ಸಿಕ್ಕರೆ ಕಡಲಿನ ಪ್ರಭಾವ ಇತ್ತು ಎಂದಷ್ಟೇ ಧೈರ್ಯವಾಗಿ ಹೇಳಿ.

ನಮ್ಮ ಕರಾವಳಿಗೆ ಈ ಕೆಲಸ ಬರೀ ಪಳೆಯುಳಿಕೆಯ ಹವ್ಯಾಸವಲ್ಲ. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ (ಚಿಪ್ಪುಮೀನು) ತಿಂದವರು ವಿಷಬಾಧೆಗೆ ಸಿಲುಕಿದ್ದರು. ಅಂಥ ನರವಿಷ ಮಾಡುವ ಡೈನೋಫ್ಲಾಜೆಲೇಟ್‌ಗಳಲ್ಲಿ ಕೆಲವು ಸಿಸ್ಟ್ ರೂಪದಲ್ಲಿ ಕೆಸರಿನೊಳಗೆ ಕಾದಿರುತ್ತವೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಸ್ವೀಡನ್ನಿನವರ ಜೊತೆ ಸೇರಿ ಇಲ್ಲಿನ ಕಡಲ ಕೆಸರಿನ ಸಿಸ್ಟ್‌ಗಳ ಬಗ್ಗೆ 2000ದಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ನಿಮ್ಮ ಮಾದರಿ ಅದೇ ಊರಿನದಾದರೆ ಮೊದಲು ಅದನ್ನು ಓದಿ, ಆಮೇಲೆ ನಿಮ್ಮ ಪಟ್ಟಿಯನ್ನು ಅದರ ಪಕ್ಕ ಇಟ್ಟು, ಹೆಸರುಗಳು ಬೇರೆಯಾದ ಕಡೆ ಸ್ಲೈಡನ್ನು ಮತ್ತೆ ಹತ್ತಿಸಿ ಕಿಂಡಿಯಿಂದಲೇ ಶುರುಮಾಡಿ.